ಸಿಂಧನೂರಿನ ಬಿಸಿಲಿಗೆ ಹೊಸ ಪಾಲಿಯೆಸ್ಟರ್ ಆಗುತ್ತಾ?

ಪ್ರಶ್ನೆ: ನಾವು ಸಿಂಧನೂರಿನವರು. ಬಟ್ಟೆ ಅಂಗಡಿಗೆ ಹೋದರೆ ಎಲ್ಲಿ ನೋಡಿದರೂ ಪಾಲಿಯೆಸ್ಟರ್ರೇ. 'ಇದು ಹಳೇ ಟೆರಿಕಾಟ್ ಅಲ್ಲಕ್ಕಾ, ಹೊಸ ನಮೂನಿ, ಕಾಟನ್‌ಗಿಂತ ತಂಪು' ಅಂತಾರೆ ಅಂಗಡಿಯವರು. ಮಾವ ಮಾತ್ರ 'ಪ್ಲಾಸ್ಟಿಕ್ ಸುತ್ಕೊಂಡು ಅಡ್ಡಾಡ್ತೀರಿ' ಅಂತ ಬೈತಾರೆ. ಅತ್ತೆ ಭತ್ತದ ಗದ್ದೆಗೆ ಹೋಗುತ್ತಾರೆ, ಅವರಿಗೆ ಪಾಲಿಯೆಸ್ಟರ್ ಸೀರೆಯೇ ಬೇಕು. ಯಜಮಾನರು ತೋರಣಗಲ್ಲಿನ ಕಡೆ ಉಕ್ಕಿನ ಕಾರ್ಖಾನೆಯಲ್ಲಿದ್ದಾರೆ. ಮಗ ಸಂಜೆಯಾದರೆ ಕ್ರಿಕೆಟ್, ಜರ್ಸಿ ಬಿಚ್ಚುವುದೇ ಇಲ್ಲ. ಅವನಿಗೆ ತೊಡೆಸಂದಿಯಲ್ಲಿ ತುರಿಕೆ ಬೇರೆ ಶುರುವಾಗಿದೆ. ನಾನು ಶಾಲೆಯಲ್ಲಿ ಟೀಚರ್. ಈಗಿನ ಪಾಲಿಯೆಸ್ಟರ್ ಹಾಕಬಹುದಾ? ಇಲ್ಲ, ದುಡ್ಡು ಜಾಸ್ತಿಯಾದರೂ ಹತ್ತಿಯನ್ನೇ ಕೊಳ್ಳಬೇಕಾ?

ಉತ್ತರ: ನಿಮ್ಮ ಮನೆಯ ಐದು ಜನಕ್ಕೂ ಒಂದೇ ಉತ್ತರ ಹೊಂದುವುದಿಲ್ಲ. ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮಗೂ ಮಾವನಿಗೂ ಹತ್ತಿ. ಅತ್ತೆ ಕೇಳುವುದು ಸರಿಯಾಗಿಯೇ ಇದೆ, ಕುಬಸ ಮತ್ತು ಲಂಗ ಮಾತ್ರ ಹತ್ತಿಯದಿರಲಿ. ಮಗನಿಗೆ ಆಟದ ಹೊತ್ತಿಗೆ ಜರ್ಸಿ ಇರಲಿ, ಆಮೇಲೆ ಬೇಡ. ಯಜಮಾನರು ಕುಲುಮೆಯ ಹತ್ತಿರ ಹೋಗುವವರಾದರೆ ಒಳಗಿನ ಬನಿಯನ್ ಕೂಡ ಪಾಲಿಯೆಸ್ಟರ್ ಆಗಿರಬಾರದು. ಯಾಕೆ ಅನ್ನುವುದು ಸ್ವಲ್ಪ ಉದ್ದದ ಮಾತು. ಬಟ್ಟೆ ಪರೀಕ್ಷೆ ಮಾಡುವುದೇ ನನ್ನ ಕೆಲಸ, ಹಾಗಾಗಿ ಮಾತು ಜಾಸ್ತಿಯಾದರೆ ಸಹಿಸಿಕೊಳ್ಳಿ.

ಮಾವ ಹೇಳಿದ್ದು ಸುಳ್ಳಲ್ಲ. ನೀರಿನ ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ಕೇ ಪಾಲಿಯೆಸ್ಟರ್ ಬಟ್ಟೆಯ ಮೂಲವಸ್ತು. ಅದನ್ನು ಕರಗಿಸಿ, ಸಣ್ಣ ಸಣ್ಣ ತೂತುಗಳಿಂದ ಒತ್ತಿ, ಎಳೆ ಎಳೆಯಾಗಿ ಹೊರಗೆ ಎಳೆಯುತ್ತಾರೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನ ತಜ್ಞರು ಇದನ್ನು ಮಾಡಿದರು. ಇವತ್ತು ಜಗತ್ತಿನಲ್ಲಿ ತಯಾರಾಗುವ ಒಟ್ಟು ನಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಹತ್ತಿಯ ಪಾಲು ಐದರಲ್ಲಿ ಒಂದು. ಆದರೆ ಪ್ಲಾಸ್ಟಿಕ್ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ತೀರ್ಮಾನ ಮಾಡುವ ಹಾಗಿಲ್ಲ. ನಮ್ಮ ಕಡೆಯ ಬಿಸಿಲಲ್ಲಿ ಕೇಳಬೇಕಾದದ್ದು ಒಂದೇ: ಮೈಮೇಲಿನ ಬೆವರು ಎಲ್ಲಿಗೆ ಹೋಗುತ್ತದೆ?

ಚರ್ಮದ ಮೇಲ್ಮೈ ಸುಮಾರು 35 ಡಿಗ್ರಿ ಇರುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈಯ ಬಿಸಿ ತಾನಾಗಿಯೇ ಗಾಳಿಗೆ ಹೋಗುತ್ತದೆ. ಬೆಂಗಳೂರಿನವರಿಗೆ ವರ್ಷದ ಬಹುಪಾಲು ಹೀಗೇ ನಡೆಯುತ್ತದೆ. ಅದಕ್ಕೇ ಅಲ್ಲಿ ಕೂತು 'ಹೊಸ ಪಾಲಿಯೆಸ್ಟರ್ ಚೆನ್ನಾಗಿದೆ' ಅನ್ನುವುದು ಸುಲಭ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟಿತು ಅನ್ನಿ, ಲೆಕ್ಕ ತಿರುಗುಮುರುಗು. ಆಗ ಗಾಳಿಯೇ ಮೈಗೆ ಬಿಸಿ ತುಂಬುತ್ತದೆ. ಮೈ ತಣ್ಣಗಾಗಲು ಉಳಿಯುವುದು ಒಂದೇ ದಾರಿ, ಬೆವರು ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ತೆಗೆದುಕೊಂಡು ಹೋಗುತ್ತದೆ. ಅದೇ ಬೆವರು ಆರದೆ ಹನಿಹನಿಯಾಗಿ ಇಳಿದು ನೆಲಕ್ಕೆ ಬಿದ್ದರೆ ಮೈಗೆ ಏನೂ ಲಾಭವಿಲ್ಲ.

ಇಲ್ಲಿ ಹತ್ತಿಗೂ ಪಾಲಿಯೆಸ್ಟರ್‌ಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಪೂರ್ತಿ ಒಣಗಿದ 100 ಗ್ರಾಂ ಹತ್ತಿಯನ್ನು ಪ್ರಯೋಗಾಲಯದಲ್ಲಿ ಸಾಧಾರಣ ತೇವದ ಗಾಳಿಯಲ್ಲಿ ಬಿಟ್ಟರೆ, ಸುಮ್ನೆ ಗಾಳಿಯಿಂದಲೇ 7ರಿಂದ 8 ಗ್ರಾಂ ನೀರು ಹೀರಿಕೊಳ್ಳುತ್ತದೆ. ರೇಷ್ಮೆ ಸುಮಾರು 11 ಗ್ರಾಂ, ಉಣ್ಣೆ 16ರ ಆಸುಪಾಸು. ಪಾಲಿಯೆಸ್ಟರ್ ಎಷ್ಟು ಗೊತ್ತಾ? 0.4 ಗ್ರಾಂ. ಅಂದರೆ ಎಳೆಯೊಳಗೆ ನೀರಿಗೆ ಜಾಗವೇ ಇಲ್ಲ. ಹತ್ತಿ ಬಟ್ಟೆ ಬೆವರು ಹೀರಿಕೊಂಡು, ಹರಡಿಕೊಂಡು, ನಿಧಾನಕ್ಕೆ ಗಾಳಿಗೆ ಬಿಡುತ್ತದೆ. ಮಾಮೂಲಿ ಪಾಲಿಯೆಸ್ಟರ್ ಬೆವರನ್ನು ಮೈಗೂ ಬಟ್ಟೆಗೂ ಮಧ್ಯೆ ನಿಲ್ಲಿಸುತ್ತದೆ. ಬೆನ್ನಿಗೆ ಅಂಗಿ ಅಂಟಿಕೊಳ್ಳುವುದು ಅದಕ್ಕೇ.

ಮನೆಯ ಕೂಲರ್ ನೆನಪಿಸಿಕೊಳ್ಳಿ. ಏಪ್ರಿಲ್‌ನ ಒಣ ಗಾಳಿಯಲ್ಲಿ ಒದ್ದೆ ಹುಲ್ಲಿನ ಮೂಲಕ ಬರುವ ಗಾಳಿ ಹಿತವಾಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದೇ ಕೂಲರ್ ಹಾಕಿದರೆ ಮನೆಯೆಲ್ಲ ಜಿಗುಟು ಜಿಗುಟು. ಹತ್ತಿ ಬಟ್ಟೆಯ ಕಥೆಯೂ ಇದೇ. ಒಣ ಬೇಸಿಗೆಯಲ್ಲಿ ಅದನ್ನು ಮೀರಿಸುವುದು ಕಷ್ಟ. ಮಳೆಗಾಲದ ಸೆಕೆಯಲ್ಲಿ ಹೀರಿದ ಬೆವರು ಆರದೆ ಅಲ್ಲೇ ಕೂತು ಬಟ್ಟೆ ಭಾರವಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಆ ದಿನಗಳಲ್ಲಿ ಬೇಗ ಒಣಗುವ ತೆಳು ಬೆರಕೆ ಬಟ್ಟೆ ಹಾಕಿದರೆ ಯಾರೂ ಬೈಯಬಾರದು.

ಇನ್ನು ಅಂಗಡಿಯವರ 'ಹೊಸ ನಮೂನಿ'. ಅದೂ ಪೂರ್ತಿ ಸುಳ್ಳಲ್ಲ. ಹಳೇ ಕಾಲದ ಪಾಲಿಯೆಸ್ಟರ್ ಎಳೆ ದಪ್ಪ, ಗುಂಡಗೆ, ನುಣ್ಣಗೆ ಇರುತ್ತಿತ್ತು. ಈಗ ರೇಷ್ಮೆಗಿಂತಲೂ ಸಣ್ಣ ಎಳೆ ತೆಗೆಯುತ್ತಾರೆ. 9000 ಮೀಟರ್ ಉದ್ದದ ಎಳೆ ಒಂದು ಗ್ರಾಂ ಕೂಡ ತೂಗುವುದಿಲ್ಲ. ಕೆಲವು ಎಳೆಗಳ ಮೈಮೇಲೆ ಉದ್ದಕ್ಕೂ ಕಾಲುವೆಯಂಥ ಸಣ್ಣ ತೋಡು ಇಡುತ್ತಾರೆ. ಡುಪಾಂಟ್ ಕಂಪನಿ 1986ರಲ್ಲಿ ಕೂಲ್‌ಮ್ಯಾಕ್ಸ್ ಹೆಸರಿನಲ್ಲಿ ತಂದದ್ದು ಇಂಥದ್ದೇ. ನೀರು ಎಳೆಯೊಳಗೆ ಹೋಗುವುದಿಲ್ಲ, ಆ ತೋಡಿನಗುಂಟ ಹರಿದು ಬಟ್ಟೆಯ ಹೊರಮೈಗೆ ಬಂದು ಬೇಗ ಆರುತ್ತದೆ. ಓಡುವವರಿಗೆ, ಆಡುವವರಿಗೆ ಇದು ನಿಜಕ್ಕೂ ಒಳ್ಳೆಯದು. ಜೋರಾಗಿ ಬೆವರು ಬರುತ್ತಿರಬೇಕು, ಗಾಳಿ ಆಡುತ್ತಿರಬೇಕು, ಬಟ್ಟೆ ಜಾಲರಿಯ ಹಾಗೆ ಹೆಣೆದಿರಬೇಕು. ಈ ಮೂರೂ ಇದ್ದಾಗ ಹತ್ತಿಯ ಟೀಶರ್ಟ್‌ಗಿಂತ ಇದೇ ಹಗುರ.

ತಕರಾರು ಇರುವುದು ಬೇರೆ ಕಡೆ. ಆ ಒಳ್ಳೆಯ ಗುಣ ಇರುವುದು ಆಟದ ಬಟ್ಟೆಯಲ್ಲಿ. ಅಂಗಡಿಯಲ್ಲಿ ನಿಮಗೆ ತೋರಿಸುವ ಜಾರ್ಜೆಟ್ ಸೀರೆ, ಕ್ರೇಪ್ ಕುರ್ತಿ, ಹೊಳೆಯುವ ಅಂಗಿ ಎಲ್ಲ ಸಾಮಾನ್ಯವಾಗಿ ಅದೇ ಮಾಮೂಲಿ ಪಾಲಿಯೆಸ್ಟರ್. ಮುಟ್ಟಿದರೆ ಮೆತ್ತಗಿರಲಿ ಅಂತ ಮೇಲೊಂದು ಲೇಪ ಹಚ್ಚಿರುತ್ತಾರೆ. ಕೆಲವು ಒಗೆತ ಆದಮೇಲೆ ಆ ಮೆತ್ತಗೂ ಇಲ್ಲ, ಆ ತಂಪೂ ಇಲ್ಲ. ಜರ್ಸಿಯ ಹೊಗಳಿಕೆಯನ್ನು ಸೀರೆಗೆ ಅಂಟಿಸಿ ಮಾರುವುದಕ್ಕೆ ಏನನ್ನಬೇಕೋ ನೀವೇ ಹೇಳಿ.

ಹಾಗಂತ ಹತ್ತಿ ಅಂದ ಕೂಡಲೇ ತಂಪು ಅಂತಲೂ ಅಲ್ಲ. ಇದು ಮಾವನಿಗೆ. ಬಳ್ಳಾರಿ ಜೀನ್ಸ್ ದೇಶದಲ್ಲೆಲ್ಲ ಹೆಸರುವಾಸಿ. ದಪ್ಪ ಡೆನಿಮ್ ಬಹುಪಾಲು ಹತ್ತಿಯೇ. ಮೇ ತಿಂಗಳ ಮಧ್ಯಾಹ್ನ ಅದನ್ನು ಹಾಕಿಕೊಂಡು ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಲಿ. ಪಕ್ಕದಲ್ಲಿ ತೆಳ್ಳಗಿನ ಪಾಲಿಯೆಸ್ಟರ್ ಪ್ಯಾಂಟ್ ಹಾಕಿದವನೇ ಪುಣ್ಯವಂತ ಅನ್ನಿಸುತ್ತದೆ. ಬಟ್ಟೆ ಎಷ್ಟು ದಪ್ಪ, ನೇಯ್ಗೆ ಎಷ್ಟು ಬಿಗಿ, ಹೊಲಿಗೆ ಎಷ್ಟು ಸಡಿಲ ಅನ್ನುವುದು ನಾರಿನಷ್ಟೇ ಮುಖ್ಯ, ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ನಮ್ಮ ಹಿರಿಯರ ಧೋತ್ರ, ಅಗಲ ತೋಳಿನ ಅಂಗಿ, ತಲೆಗೆ ಸುತ್ತುವ ಪಟಗ ಇವೆಲ್ಲ ಬರೀ ಹತ್ತಿ ಅಂತ ತಂಪಲ್ಲ. ಅವು ಮೈಗೆ ಅಂಟುವುದಿಲ್ಲ. ಒಳಗೆ ಗಾಳಿ ಆಡುತ್ತದೆ, ಬಿಸಿಲು ನೇರವಾಗಿ ಚರ್ಮಕ್ಕೆ ಬೀಳುವುದಿಲ್ಲ. 42 ಡಿಗ್ರಿಯಲ್ಲಿ ಮೈ ಬಿಟ್ಟುಕೊಂಡು ಓಡಾಡುವುದಕ್ಕಿಂತ ಸಡಿಲವಾಗಿ ಮುಚ್ಚಿಕೊಳ್ಳುವುದೇ ಜಾಣತನ.

ಒಂದು ಮಾತು ಪಾಲಿಯೆಸ್ಟರ್ ಪರವಾಗಿಯೂ ಇದೆ. ಸೂರ್ಯನ ನೇರಳಾತೀತ ಕಿರಣವನ್ನು ತೆಳು ಬಿಳಿ ಹತ್ತಿ ಬಟ್ಟೆಗಿಂತ ಪಾಲಿಯೆಸ್ಟರ್ ಚೆನ್ನಾಗಿ ತಡೆಯುತ್ತದೆ. ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲುವವರು ಹತ್ತಿ ಹಾಕುವುದಾದರೆ ಮಲ್‌ಮಲ್ ಬೇಡ, ಸ್ವಲ್ಪ ಗಟ್ಟಿ ನೇಯ್ಗೆಯ, ಬಣ್ಣದ ಬಟ್ಟೆ ಆರಿಸಿಕೊಳ್ಳಲಿ.

ಈಗ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವ ವಿಷಯ. ನನ್ನನ್ನು ಕೇಳಿದರೆ ಪಾಲಿಯೆಸ್ಟರ್‌ಗಿಂತ ದೊಡ್ಡ ಕಿರಿಕಿರಿ, ಕಾಟನ್ ಹೆಸರಿನಲ್ಲಿ ಮಾರುವ ಪಾಲಿಯೆಸ್ಟರ್. 'ಕಾಟನ್ ಫೀಲ್', 'ಸಾಫ್ಟ್ ಕಾಟನ್', 'ಕಾಟನ್ ಮಿಕ್ಸ್', 'ಸೆಮಿ ಕಾಟನ್' ಇವೆಲ್ಲ ಹೆಸರುಗಳು ಅಷ್ಟೇ, ಬಟ್ಟೆಯಲ್ಲಿ ಏನಿದೆ ಅಂತ ಹೇಳುವುದಿಲ್ಲ. ರೆಡಿಮೇಡ್ ಆದರೆ ಒಳಗಡೆ ಪಕ್ಕದ ಹೊಲಿಗೆಯಲ್ಲಿ ಸಣ್ಣ ಚೀಟಿ ಇರುತ್ತದೆ, ಶೇಕಡಾವಾರು ನೋಡಿ. ಥಾನಿನಿಂದ ಕತ್ತರಿಸಿ ಕೊಡುವ ಮಿಲ್ ಬಟ್ಟೆಯಾದರೆ ಅಂಚಿನ ಮೇಲೆ ಮುದ್ರೆ ಇರುತ್ತದೆ. 67% ಪಾಲಿಯೆಸ್ಟರ್, 33% ಹತ್ತಿ ಅಂತಿದ್ದರೆ ಅದೇ ನಿಮ್ಮ ಹಳೇ ಟೆರಿಕಾಟ್. ಖಾದಿ ಅಂಗಡಿಯಲ್ಲೂ ಕಣ್ಣು ತೆರೆದಿರಲಿ. ಅಲ್ಲಿ ಪಾಲಿವಸ್ತ್ರ ಅಂತ ಒಂದಿದೆ, ಅದು ಪಾಲಿಯೆಸ್ಟರ್ ಬೆರೆಸಿದ ಖಾದಿ. ಅದರಲ್ಲಿ ಮೋಸವೇನೂ ಇಲ್ಲ, ಹೆಸರು ಹೇಳಿಯೇ ಮಾರುತ್ತಾರೆ. ಕೇಳದೆ ತಂದವರು ಆಮೇಲೆ ಗೊಣಗುತ್ತಾರೆ.

ಚೀಟಿಯೂ ಇಲ್ಲ, ಮುದ್ರೆಯೂ ಇಲ್ಲ ಅಂದರೆ ಮನೆಯಲ್ಲೇ ಒಂದು ಎಳೆ ಸುಟ್ಟು ನೋಡಿ. ಬಟ್ಟೆಯ ಉದ್ದಕ್ಕೆ ಹೋಗುವ ಎಳೆ ಒಂದು, ಅಡ್ಡಕ್ಕೆ ಹೋಗುವ ಎಳೆ ಒಂದು, ಎರಡನ್ನೂ ಬೇರೆ ಬೇರೆಯಾಗಿ ತೆಗೆಯಿರಿ. ಹಾಸು ಹತ್ತಿ, ಹೊಕ್ಕು ಪಾಲಿಯೆಸ್ಟರ್ ಇರುವ ಬಟ್ಟೆ ಬೇಕಾದಷ್ಟಿದೆ. ಒಂದೇ ಎಳೆ ನೋಡಿ ನಂಬಿದರೆ ಮೋಸ ಹೋಗುತ್ತೀರಿ. ಸ್ಟೀಲ್ ತಟ್ಟೆ ಕೆಳಗಿಡಿ, ಚಿಮುಟದಲ್ಲಿ ಎಳೆ ಹಿಡಿಯಿರಿ, ಪಕ್ಕದಲ್ಲಿ ಒಂದು ಲೋಟ ನೀರಿರಲಿ, ಸೆರಗು ಸಿಕ್ಕಿಸಿಕೊಳ್ಳಿ.

ಹತ್ತಿಯಾದರೆ ಬೆಂಕಿ ತಾಗಿದ ತಕ್ಷಣ ಹೊತ್ತಿಕೊಳ್ಳುತ್ತದೆ. ಕಾಗದ ಸುಟ್ಟ ವಾಸನೆ. ಊದಿ ಆರಿಸಿದ ಮೇಲೂ ತುದಿಯಲ್ಲಿ ಕೆಂಪು ಕಿಡಿ ಸ್ವಲ್ಪ ದೂರ ಹರಿಯುತ್ತದೆ. ಬೂದಿ ಮುಟ್ಟಿದರೆ ಪುಡಿ. ಪಾಲಿಯೆಸ್ಟರ್ ಬೇರೆಯದೇ ಆಟ ಆಡುತ್ತದೆ. ಉರಿ ಹತ್ತಿರ ಬರುವ ಮೊದಲೇ ಎಳೆ ಮುದುರಿ ಹಿಂದೆ ಸರಿಯುತ್ತದೆ. ಆಮೇಲೆ ಕರಗುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಸಿಹಿ ಬೆರೆತ ಔಷಧಿಯಂಥ ವಾಸನೆ. ತುದಿಯಲ್ಲಿ ಗಟ್ಟಿ ಮಣಿ ಉಳಿಯುತ್ತದೆ. ಪೂರ್ತಿ ಆರಲಿ, ಬಿಸಿಯಿರುವಾಗ ಮುಟ್ಟಬೇಡಿ. ಆರಿದ ಮೇಲೆ ಉಗುರಲ್ಲಿ ಒತ್ತಿದರೂ ಅದು ಒಡೆಯುವುದಿಲ್ಲ. ಬೆರಕೆಯಾದರೆ ಹತ್ತಿಯ ಹಾಗೇ ಉರಿಯುತ್ತದೆ, ಆದರೆ ಬೂದಿಯಲ್ಲಿ ಬೆರಳಿಗೆ ಗಟ್ಟಿ ಚೂರು ಸಿಗುತ್ತದೆ. ರೇಷ್ಮೆ, ಉಣ್ಣೆಗೆ ಕೂದಲು ಸುಟ್ಟ ವಾಸನೆ, ಉಳಿದ ಕರಿ ಒತ್ತಿದರೆ ಪುಡಿಯಾಗುತ್ತದೆ.

ರೇಯಾನ್ ಮಾತ್ರ ಈ ಪರೀಕ್ಷೆಯಲ್ಲಿ ಹತ್ತಿಯ ವೇಷದಲ್ಲೇ ಪಾಸಾಗುತ್ತದೆ, ಯಾಕೆಂದರೆ ಅದು ಮರದ ತಿರುಳಿನಿಂದ ಬಂದದ್ದು, ಹತ್ತಿಯ ಹಾಗೆ ಅದೂ ಗಿಡಮರದ ನಾರೇ. ಅದನ್ನು ಹಿಡಿಯಲು ಎಳೆಯನ್ನು ಒದ್ದೆ ಮಾಡಿ ಎಳೆಯಿರಿ. ಹತ್ತಿ ಒದ್ದೆಯಾದರೆ ಇನ್ನೂ ಗಟ್ಟಿ. ರೇಯಾನ್ ಪಟ್ಟನೆ ಹರಿಯುತ್ತದೆ. ರೇಯಾನ್ ನೈಟಿಗಳನ್ನು ಜೋರಾಗಿ ಹಿಂಡಬಾರದು ಅನ್ನುವುದು ಇದಕ್ಕೇ. ಸೆಕೆಗೆ ರೇಯಾನ್ ಕೆಟ್ಟದ್ದಲ್ಲ, ನೀರು ಚೆನ್ನಾಗಿ ಹೀರುತ್ತದೆ. ಹತ್ತಿ ಸಿಗದಿದ್ದರೆ ಕುರ್ತಿಗೆ ಧಾರಾಳವಾಗಿ ತೆಗೆದುಕೊಳ್ಳಿ. ನಮ್ಮ ಇಳಕಲ್ ಸೀರೆಯ ಸೆರಗಿಗೆ ಹಾಕುವ ಚಮಕ ಕೂಡ ರೇಯಾನೇ.

ಇಳಕಲ್ ಮಾತು ಬಂತು, ಹೇಳಿಬಿಡುತ್ತೇನೆ. ಇಳಕಲ್ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಾದರೂ ಪಕ್ಕದ ಕುಷ್ಟಗಿ ತಾಲ್ಲೂಕಿನಲ್ಲೂ ಮಗ್ಗಗಳಿವೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲೂ ನೇಕಾರರ ಮನೆಗಳಿವೆ. ಶಾಲೆಗೆ ಉಡಲು ಹತ್ತಿ ಸೀರೆ ಬೇಕಾದರೆ ಅಲ್ಲಿ ಕೇಳಿ. ಅದೇ ಅಂಚು, ಅದೇ ಸೆರಗು ಅಚ್ಚು ಹಾಕಿದ ಪಾಲಿಯೆಸ್ಟರ್ 'ಇಳಕಲ್ ಮಾದರಿ' ಸೀರೆಗಳೂ ಪೇಟೆಗೆ ಬಂದಿವೆ. ಅವು ಹಗುರ, ಅಗ್ಗ, ಬಣ್ಣ ಹೋಗುವುದಿಲ್ಲ. ಮಾಸ್ತರಿಕೆಯವರು ದಿನವಿಡೀ ನಿಂತು ಪಾಠ ಮಾಡುವಾಗ, ಕರೆಂಟು ಹೋಗಿ ಫ್ಯಾನ್ ನಿಂತಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. ಒಂದು ಗಂಟೆಯ ಮದುವೆಗೆ, ಆರತಕ್ಷತೆಗೆ ಏನು ಬೇಕಾದರೂ ಉಡಿ, ಅದಕ್ಕೆ ನನ್ನ ಸಲಹೆ ಯಾಕೆ.

ನಿಮ್ಮ ಅತ್ತೆಯವರ ವಿಷಯದಲ್ಲಿ ನಾನು ಪೂರ್ತಿ ಅವರ ಕಡೆ. ಹೊಲದ ಕೆಲಸದವರಿಗೆ ಹತ್ತಿ ಸೀರೆ ಉಡಿ ಅಂತ ಉಪದೇಶ ಮಾಡುವವರು ಒಂದು ದಿನ ಕಾಲುವೆ ಕೆಳಗಿನ ಗದ್ದೆಯಲ್ಲಿ ನಾಟಿ ಹಚ್ಚಿ ನೋಡಬೇಕು. ಮೊಣಕಾಲುದ್ದ ಕೆಸರು. ಹತ್ತಿ ಸೀರೆಯ ಕೆಳಗಿನ ಅರ್ಧ ನೀರು ಕುಡಿದು ಕಾಲಿಗೆ ಸುತ್ತಿಕೊಳ್ಳುತ್ತದೆ. ಒಂದು ಹೆಜ್ಜೆ ಕಿತ್ತು ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ಸೊಂಟ ಬೀಳುತ್ತದೆ. ಸಂಜೆಯವರೆಗೂ ಅದು ಒಣಗುವುದಿಲ್ಲ. ಮನೆಗೆ ಬಂದು ಒಗೆಯೋಣ ಅಂದರೆ ನಳದ ನೀರು ದಿನಾ ಬರುವ ಊರು ಎಷ್ಟಿವೆ? ಎರೆಮಣ್ಣಿನ ಕಲೆ ಹತ್ತಿಯಿಂದ ಸುಲಭಕ್ಕೆ ಬಿಡುವುದೂ ಇಲ್ಲ. ಪಾಲಿಯೆಸ್ಟರ್ ಸೀರೆಯಾದರೆ ಕಾಲುವೆಯಲ್ಲಿ ಒಮ್ಮೆ ಜಾಲಾಡಿದರೆ ಸಾಕು, ಮನೆ ಸೇರುವಷ್ಟರಲ್ಲಿ ಒಣಗಿರುತ್ತದೆ. ಒದ್ದೆಯಾದರೂ ಅದರ ಬಲ ಕಡಿಮೆಯಾಗುವುದಿಲ್ಲ, ಇಸ್ತ್ರಿ ಬೇಕಿಲ್ಲ, ವರ್ಷಗಟ್ಟಲೆ ಬರುತ್ತದೆ.

ಆದರೆ ಬೆವರು ಬರುವುದು ಸೀರೆಯ ಕೆಳಗಿನ ಪದರದಲ್ಲಿ. ಕುಬಸ, ಲಂಗ, ಒಳ ಉಡುಪು ಮೂರೂ ಅಪ್ಪಟ ಹತ್ತಿಯದಿದ್ದರೆ ಹೊರಗಿನ ಸೀರೆ ಯಾವುದಾದರೂ ನಡೆಯುತ್ತದೆ. ಮೇಲೆ ಬಿಸಿಲಿಗೆ ಹಾಕಿಕೊಳ್ಳುವ ಗಂಡಸರ ತುಂಬುತೋಳಿನ ಅಂಗಿ ಇದೆಯಲ್ಲ, ಅದೂ ಹತ್ತಿಯದಿರಲಿ. ಹತ್ತಿ ಬಿಡಿಸಲು ಹೋಗುವಾಗ ಮಾತ್ರ ತೆಳು ಜಾರ್ಜೆಟ್ ಬೇಡ, ಒಣಗಿದ ಕಾಯಿಯ ಚೂಪು ತುದಿಗೆ ಸಿಕ್ಕಿ ಎಳೆ ಕಿತ್ತು ಬರುತ್ತದೆ. ಔಷಧಿ ಹೊಡೆದ ದಿನದ ಬಟ್ಟೆ ಹತ್ತಿಯಾಗಲಿ ಪಾಲಿಯೆಸ್ಟರ್ ಆಗಲಿ, ಮನೆಮಂದಿಯ ಬಟ್ಟೆ ಜೊತೆ ಒಗೆಯಲೇಬೇಡಿ.

ಯಜಮಾನರ ಬಗ್ಗೆ ಸ್ವಲ್ಪ ಗಂಭೀರವಾಗಿ ಓದಿ. ಪಾಲಿಯೆಸ್ಟರ್ 250ರಿಂದ 260 ಡಿಗ್ರಿಗೆ ಕರಗುತ್ತದೆ. ಕರಗಿದ ಉಕ್ಕು 1500 ಡಿಗ್ರಿಗಿಂತ ಮೇಲಿರುತ್ತದೆ. ಒಂದು ಕಿಡಿ ಹಾರಿ ಬಿದ್ದರೆ ಹತ್ತಿ ಸುಟ್ಟು ತೂತಾಗುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಅಂಟಿದ ಮೇಲೂ ಸುಡುತ್ತಲೇ ಇರುತ್ತದೆ. ಕುಲುಮೆಯ ಹತ್ತಿರ ಕೆಲಸ ಮಾಡುವವರಿಗೆ ಕಾರ್ಖಾನೆಗಳು ಬೆಂಕಿ ತಡೆಯುವ ಸಂಸ್ಕಾರ ಕೊಟ್ಟ ಹತ್ತಿಯ ಜಾಕೆಟ್ ಕೊಡುವುದು ಇದಕ್ಕೇ. ಆದರೆ ಜನ ಏನು ಮಾಡುತ್ತಾರೆ? ಸೆಕೆ ಅಂತ ಆ ಜಾಕೆಟ್ ಒಳಗೆ ಆಟದ ಟೀಶರ್ಟ್ ಹಾಕುತ್ತಾರೆ. ಹೊರಗಿನ ಜಾಕೆಟ್ ಹೊತ್ತಿಕೊಳ್ಳದಿದ್ದರೂ ಅದರ ಮೂಲಕ ಹೋದ ಶಾಖಕ್ಕೆ ಒಳಗಿನ ಪಾಲಿಯೆಸ್ಟರ್ ಕರಗಬಹುದು. ಅವರ ಬನಿಯನ್, ಒಳಚಡ್ಡಿ, ಸಾಕ್ಸ್ ಎಲ್ಲದರ ಚೀಟಿ ಈ ಸಲ ಊರಿಗೆ ಬಂದಾಗ ನೋಡಿಬಿಡಿ. ವೆಲ್ಡಿಂಗ್ ಮಾಡುವವರಿಗೂ ಇದೇ ಮಾತು.

ಬೆರಕೆ ಬಟ್ಟೆ ಅರ್ಧ ಸುರಕ್ಷಿತ ಅಂತ ತಿಳಿಯಬೇಡಿ. ಬರೀ ಪಾಲಿಯೆಸ್ಟರ್ ಆದರೆ ಕರಗಿ ತೊಟ್ಟಿಕ್ಕಿ ಉರಿಯಿಂದ ದೂರ ಸರಿಯುವ ಅವಕಾಶವಾದರೂ ಇರುತ್ತದೆ. ಬೆರಕೆಯಲ್ಲಿ ಹತ್ತಿ ಬತ್ತಿಯ ಕೆಲಸ ಮಾಡಿ, ಕರಗಿದ ಪಾಲಿಯೆಸ್ಟರ್ ಅನ್ನು ಹಿಡಿದಿಟ್ಟು ಇನ್ನೂ ಜೋರಾಗಿ ಉರಿಸುತ್ತದೆ. ಅಡುಗೆಮನೆಯಲ್ಲಿ, ದೀಪಾವಳಿಯ ಪಟಾಕಿ ಹತ್ತಿರ ಅಪ್ಪಟ ಹತ್ತಿಯೇ ಒಳ್ಳೆಯದು, ಅದೂ ಮೈಗೆ ಹೊಂದಿದ್ದು. ಜೋತುಬಿದ್ದ ಹತ್ತಿ ಸೆರಗು ಕೂಡ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಉಣ್ಣೆ ಮಾತ್ರ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಕುರಿ ಕಾಯುವವರ ಹೆಗಲ ಮೇಲಿನ ಕಂಬಳಿ ಮಳೆ, ಚಳಿ, ಕಿಡಿ ಮೂರಕ್ಕೂ ಜಗ್ಗದ ಬಟ್ಟೆ. ಅಕಸ್ಮಾತ್ ಪಾಲಿಯೆಸ್ಟರ್ ಕರಗಿ ಮೈಗೆ ಅಂಟಿದರೆ ಕಿತ್ತು ತೆಗೆಯಬೇಡಿ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು ಹಾಗೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪರಿಸರದ ಮಾತನ್ನು ನೀವು ಕೇಳಿಲ್ಲ, ಮಾವ ಕೇಳಿಯೇ ಕೇಳುತ್ತಾರೆ. ಪಾಲಿಯೆಸ್ಟರ್ ಕಚ್ಚಾತೈಲದಿಂದ ಬರುತ್ತದೆ, ಮಣ್ಣಲ್ಲಿ ಕೊಳೆಯುವುದಿಲ್ಲ. ಒಗೆದಾಗೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ನಾರು ನೀರಿಗೆ ಬಿಡುತ್ತದೆ. ಹೊಸದರಲ್ಲಿ, ಮೊದಲ ಕೆಲವು ಒಗೆತದಲ್ಲಿ ಇದು ಜಾಸ್ತಿ. ಸಮುದ್ರಕ್ಕೆ ನೇರವಾಗಿ ಸೇರುವ ಸೂಕ್ಷ್ಮ ಪ್ಲಾಸ್ಟಿಕ್‌ನಲ್ಲಿ ಸುಮಾರು 35% ಇಂಥ ಬಟ್ಟೆ ಒಗೆಯುವುದರಿಂದಲೇ ಬರುತ್ತದೆ ಅಂತ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2017ರಲ್ಲಿ ಅಂದಾಜು ಮಾಡಿತ್ತು. ಹತ್ತಿಯೂ ಹಾಲಲ್ಲಿ ತೊಳೆದದ್ದಲ್ಲ. ಒಂದು ಕಿಲೋ ಹತ್ತಿ ಬಟ್ಟೆಗೆ ಜಗತ್ತಿನ ಸರಾಸರಿ ಸುಮಾರು 10,000 ಲೀಟರ್ ನೀರು ಅನ್ನುತ್ತಾರೆ. ನಮ್ಮ ಎರೆ ಹೊಲಗಳಲ್ಲಿ ಮಳೆ ನೀರಿಗೇ ಬೆಳೆಯುವ ಹತ್ತಿಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ, ಮಳೆ ಹೇಗಿದ್ದರೂ ಬೀಳುತ್ತದೆ. ಆದರೆ ಕೀಟನಾಶಕ ಇದೆ. 2002ರಲ್ಲಿ ಬಿಟಿ ಹತ್ತಿ ಬಂದಾಗ ಕಾಯಿಕೊರಕದ ಕಾಟ ಮುಗಿಯಿತು ಅಂದುಕೊಂಡೆವು. ಗುಲಾಬಿ ಕಾಯಿಕೊರಕ ಅದಕ್ಕೂ ಒಗ್ಗಿಕೊಂಡು ತಿರುಗಿ ಬಂತು.

ನನಗೆ ಇದಕ್ಕಿಂತ ಬೇಜಾರಾಗುವುದು ಹಳೇ ಬಟ್ಟೆಯ ವಿಷಯಕ್ಕೆ. ಹತ್ತಿ ಸೀರೆ ಹರಿದರೆ ಕೌದಿಯಾಗುತ್ತಿತ್ತು. ಕೂಸಿಗೆ ಮೆತ್ತನೆ ಅರಿವೆಯಾಗುತ್ತಿತ್ತು. ಕೊನೆಗೆ ನೆಲ ಒರೆಸಲು ಬರುತ್ತಿತ್ತು. ಪಾಲಿಯೆಸ್ಟರ್ ಸೀರೆಯ ಕೌದಿ ಹೊಲಿದವರನ್ನು ಕೇಳಿ. ಪದರಗಳು ಒಂದರ ಮೇಲೊಂದು ನಿಲ್ಲದೆ ಜಾರುತ್ತವೆ. ಹೊದ್ದರೆ ಬೆವರು, ಹಾಸಿದರೆ ಜಾರಿಕೆ. ನೆಲ ಒರೆಸಿದರೆ ನೀರನ್ನು ಆ ಮೂಲೆಯಿಂದ ಈ ಮೂಲೆಗೆ ತಳ್ಳುತ್ತದೆ ಅಷ್ಟೇ. ಹತ್ತಿಗೆ ಜಾಸ್ತಿ ದುಡ್ಡು ಕೊಡುವಾಗ ಈ ಮೂರು ಉಪಯೋಗವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊನೆಗೆ ಮಗ. ಆಡುವಾಗ ಜರ್ಸಿ ಸರಿಯಾದ ಬಟ್ಟೆಯೇ, ತಪ್ಪು ಆಮೇಲೆ ಬಿಚ್ಚದೇ ಇರುವುದು. ಪಾಲಿಯೆಸ್ಟರ್ ನೀರನ್ನು ದೂರ ಇಡುತ್ತದೆ, ಆದರೆ ಮೈಯ ಎಣ್ಣೆ ಅಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಜನರಿಂದ ಜೋರು ವ್ಯಾಯಾಮ ಮಾಡಿಸಿ ಅವರ ಅಂಗಿಗಳನ್ನು ಮೂಸಿ ನೋಡುವ ಪರೀಕ್ಷೆ ಮಾಡಿದ್ದರು. ಹತ್ತಿಗಿಂತ ಪಾಲಿಯೆಸ್ಟರ್ ಅಂಗಿಗಳೇ ಜಾಸ್ತಿ ನಾರುತ್ತಿದ್ದವು. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಅವುಗಳ ಮೇಲೆ ಹುಲುಸಾಗಿ ಬೆಳೆದಿತ್ತು. ಹಾಗಾಗಿ ಆಟ ಮುಗಿದ ಕೂಡಲೇ ಜರ್ಸಿ, ಚಡ್ಡಿ ಬಿಚ್ಚಿ, ಸ್ನಾನ ಮಾಡಿ, ಮೈ ಪೂರ್ತಿ ಒರೆಸಿ, ಸಡಿಲವಾದ ಹತ್ತಿ ಬಟ್ಟೆ ಹಾಕಲಿ. ಜರ್ಸಿಯನ್ನು ಚೀಲದಲ್ಲಿ ಮುದ್ದೆ ಮಾಡಿ ಇಡಬಾರದು. ಅವತ್ತೇ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಬಿಸಿಲಿಗೆ ನಮ್ಮಲ್ಲಿ ಬರ ಇಲ್ಲವಲ್ಲ. ಪರಿಮಳದ ಕಂಡೀಷನರ್ ದ್ರವ ಹಾಕಬೇಡಿ. ಅದು ಎಳೆಯ ತೋಡುಗಳನ್ನು ಮುಚ್ಚಿ, ಜರ್ಸಿಯ ಒಂದೇ ಒಂದು ಒಳ್ಳೆಯ ಗುಣವನ್ನು ಕೆಡಿಸುತ್ತದೆ. ಟವೆಲ್ಲಿಗೂ ಅದು ಬೇಡ.

ತೊಡೆಸಂದಿಯ ತುರಿಕೆ ಬಟ್ಟೆ ಬದಲಾಯಿಸಿದ ಮಾತ್ರಕ್ಕೇ ಹೋಗುತ್ತದೆ ಅಂತ ಕಾಯಬೇಡಿ. ಅಂಚು ಕೆಂಪಾಗಿ ಉಂಗುರದ ಹಾಗೆ ಹರಡುತ್ತಿದ್ದರೆ ಅದು ಗಜಕರ್ಣ ಇರಬಹುದು. ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಟವೆಲ್, ಹಾಸಿಗೆಯಿಂದ ಹರಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಕೊಡುವ ಟ್ಯೂಬ್‌ಗಳಲ್ಲಿ ಸ್ಟಿರಾಯ್ಡ್ ಬೆರೆತದ್ದು ಬಹಳ. ಹಚ್ಚಿದ ಕೂಡಲೇ ತುರಿಕೆ ನಿಂತ ಹಾಗೆ ಅನ್ನಿಸುತ್ತದೆ, ಒಳಗೆ ಸೋಂಕು ಹಬ್ಬುತ್ತಲೇ ಇರುತ್ತದೆ. ಅದನ್ನು ಹಚ್ಚಬೇಡಿ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ, ಇಲ್ಲ ಸಿಂಧನೂರಿನಲ್ಲೇ ಯಾರಾದರೂ ಚರ್ಮದ ಡಾಕ್ಟರಿಗೆ ತೋರಿಸಿ. ಕೊಟ್ಟ ಔಷಧಿಯನ್ನು, ತುರಿಕೆ ನಿಂತರೂ, ಅವರು ಹೇಳಿದಷ್ಟು ದಿನ ಮುಗಿಸಿ. ಅಲ್ಲಿಯವರೆಗೆ ಅವನ ಟವೆಲ್ ಮತ್ತು ಒಳ ಉಡುಪನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಿರಿ.